ಧ್ವನಿ ಓಡುತ್ತದೆ, ಚಿತ್ರ ನಿಲ್ಲುತ್ತದೆ: ಒಂದು ಪಾಠತಾಣದ ವಿಡಿಯೊ ಪ್ರಕರಣ

"ವಿಡಿಯೊ ಸ್ಟಕ್ ಆಗ್ತಿದೆ. ನೆಟ್ ಚೆನ್ನಾಗೇ ಇದೆ, ಬೇರೆ ವಿಡಿಯೊ ಎಲ್ಲ ಸರಾಗವಾಗಿ ಓಡುತ್ತೆ." ವಿಡಿಯೊ ಹಂಚುವ ಯಾವ ತಾಣಕ್ಕೂ ಈ ದೂರು ಹೊಸದಲ್ಲ. ಇಲ್ಲಿ ಗಮನಿಸಬೇಕಾದದ್ದು ಅದು ಬಂದ ಹೊತ್ತನ್ನು. ಪಾಠಗಳನ್ನೆಲ್ಲ ಹೊಸ ಕೋಡೆಕ್‌ಗೆ (ವಿಡಿಯೊವನ್ನು ಕುಗ್ಗಿಸಿ ಕಳಿಸಿ, ಮತ್ತೆ ಬಿಡಿಸಿ ತೋರಿಸುವ ವಿಧಾನಕ್ಕೆ) ಬದಲಿಸಿ, ಡೇಟಾ ಖರ್ಚು ಇಳಿಸಿ, ಚಿತ್ರದ ಗುಣಮಟ್ಟ ಏರಿಸಿದ ಮೇಲೆ ದೂರುಗಳು ಹೆಚ್ಚಾದವು. ದೂರು ಕೊಟ್ಟವರಲ್ಲಿ ಬಹುಪಾಲು ಜನ ಹಳೆಯ ಲ್ಯಾಪ್‌ಟಾಪ್ ಅಥವಾ ಸಾಧಾರಣ ಫೋನ್ ಇಟ್ಟುಕೊಂಡು ಓದುತ್ತಿದ್ದವರು. ಅವರಿಗಾಗಿಯೇ ಡೇಟಾ ಉಳಿಸಲು ಹೊರಟ ತಾಣ ಅವರಿಗೇ ತೊಂದರೆ ಕೊಡುತ್ತಿತ್ತು. ಆದ್ದರಿಂದ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು.

ತಾಣದ ಸ್ವರೂಪ ಸರಳ. ಮೊದಲೇ ರೆಕಾರ್ಡ್ ಮಾಡಿದ ಪಾಠಗಳು, ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆಯಷ್ಟು ಉದ್ದ. ಪುಟದ ಎಡಕ್ಕೆ ವಿಡಿಯೊ, ಬಲಕ್ಕೆ ಮಾತಿನ ಪಠ್ಯರೂಪ, ಕೆಳಗೆ ಟಿಪ್ಪಣಿ ಬರೆಯುವ ಜಾಗ. ಕೆಲವು ಪಾಠಗಳಲ್ಲಿ ಶಿಕ್ಷಕರು ಬೋರ್ಡಿನ ಮುಂದೆ ನಿಂತು ಹೇಳುತ್ತಾರೆ. ಹೆಚ್ಚಿನವು ಪರದೆಯ ರೆಕಾರ್ಡಿಂಗ್, ಅಂದರೆ ಸ್ಲೈಡ್, ಪ್ರೋಗ್ರಾಂ ಕೋಡ್, ಲೆಕ್ಕದ ಹಾಳೆ. ಮೊದಲು ಎಲ್ಲವೂ ಎಚ್.264 ಕೋಡೆಕ್‌ನಲ್ಲಿ, ಸೆಕೆಂಡಿಗೆ 30 ಫ್ರೇಮ್‌ಗಳಂತೆ, ಅಂದರೆ 30 ಬಿಡಿ ಚಿತ್ರಗಳಂತೆ ಇದ್ದವು. ವಿಡಿಯೊವನ್ನು ತುಂಡು ತುಂಡಾಗಿ ಕಳಿಸುವ ಎಚ್‌ಎಲ್‌ಎಸ್ ವಿಧಾನದಲ್ಲಿ 10 ಸೆಕೆಂಡಿನ ತುಣುಕುಗಳಾಗಿ ಹೋಗುತ್ತಿದ್ದವು. ಬದಲಾವಣೆಯ ನಂತರ ಕೋಡೆಕ್ ಎವಿ1 ಆಯಿತು, ಚಿತ್ರಗಾತ್ರದ ಮೇಲಿನ ದರ್ಜೆ 1080ಪಿ (1080 ಸಾಲು ಪಿಕ್ಸೆಲ್) ಆಗಿಯೇ ಉಳಿಯಿತು, ಫ್ರೇಮ್ ದರ 60ಕ್ಕೆ ಏರಿತು. ಪರದೆ ರೆಕಾರ್ಡ್ ಮಾಡುವ ತಂತ್ರಾಂಶ 60 ಕೊಡುತ್ತಿತ್ತು ಅನ್ನುವುದು ಬಿಟ್ಟರೆ ಈ ಏರಿಕೆಗೆ ಬೇರೆ ಕಾರಣ ಇರಲಿಲ್ಲ. ಎವಿ1 ಗೊತ್ತಿಲ್ಲ ಎಂದು ಹೇಳುವ ಬ್ರೌಸರ್‌ಗಳಿಗೆ ಮಾತ್ರ ಹಳೆಯ ಎಚ್.264 ಕಡತಗಳು ಹೋಗುತ್ತಿದ್ದವು.

ಎವಿ1 ಆರಿಸಿಕೊಂಡದ್ದರಲ್ಲಿ ತಪ್ಪೇನಿಲ್ಲ. 2018ರಲ್ಲಿ ಹೊರಬಂದ ಈ ಕೋಡೆಕ್, 2003ರ ಎಚ್.264ಗಿಂತ ಬಹಳ ಕಡಿಮೆ ಬಿಟ್‌ಗಳಲ್ಲಿ ಅದೇ ಗುಣಮಟ್ಟದ ಚಿತ್ರ ಕೊಡುತ್ತದೆ. ಪರದೆಯ ರೆಕಾರ್ಡಿಂಗ್‌ಗೆಂದೇ ಅದರಲ್ಲಿ ಕೆಲವು ವಿಶೇಷ ಸಾಧನಗಳಿವೆ. ಆದರೆ ಬಿಟ್ ಉಳಿಸುವುದು ಎಂದರೆ ಲೆಕ್ಕ ಹೆಚ್ಚಿಸುವುದು. ತಂತಿಯಲ್ಲಿ ಇಳಿದ ಭಾರ ನೋಡುವವರ ಪ್ರೊಸೆಸರ್ ಮೇಲೆ ಏರುತ್ತದೆ. ಆ ಪ್ರೊಸೆಸರ್ ಅದನ್ನು ಹೊರಬಲ್ಲದೇ ಎಂದು ಕೇಳದೆ ಭಾರ ಏರಿಸಿದ್ದೇ ಈ ಪ್ರಕರಣದ ತಿರುಳು.

ಮೊದಲು ಕೇಳಬೇಕಾದ ಪ್ರಶ್ನೆ

ದೂರಿನ ಪೆಟ್ಟಿಗೆಯಲ್ಲಿ ಎಲ್ಲರೂ ಬರೆದದ್ದು ಒಂದೇ: ಸ್ಟಕ್ ಆಗುತ್ತದೆ. ತಾಂತ್ರಿಕವಾಗಿ ನೋಡಿದರೆ ಇದರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಜಾಲದಿಂದ ಡೇಟಾ ಬರುವುದು ತಡವಾಗಿ ಬಫರ್ (ಮುಂಚಿತವಾಗಿ ಇಳಿಸಿಟ್ಟ ಭಾಗ) ಖಾಲಿಯಾಗುವುದು ಒಂದು. ಡೇಟಾ ಬಂದಿದ್ದರೂ ಅದನ್ನು ಬಿಡಿಸಿ ಚಿತ್ರವಾಗಿ ತೋರಿಸಲು ಸಾಧನಕ್ಕೆ ಪುರುಸೊತ್ತು ಸಾಲದಿರುವುದು ಇನ್ನೊಂದು. ಪ್ಲೇ ಒತ್ತಿದ ಮೇಲೆ ಮೊದಲ ಚಿತ್ರ ಮೂಡಲು ತಡವಾಗುವುದು ಮೂರನೆಯದು. ಹಿಂದಕ್ಕೋ ಮುಂದಕ್ಕೋ ಸರಿಸಿದಾಗ ಪರದೆ ಹೆಪ್ಪುಗಟ್ಟಿದಂತೆ ನಿಲ್ಲುವುದು ನಾಲ್ಕನೆಯದು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಎರಡನೆಯ ತೊಂದರೆ ಇರುವವರಿಗೆ ಬಫರ್ ದೊಡ್ಡದು ಮಾಡಿಕೊಟ್ಟರೆ ಅವರ ಡೇಟಾ ಪೋಲಾಗುವುದಷ್ಟೇ ಲಾಭ.

ಹಾಗಾಗಿ ದೂರು ಕೊಟ್ಟವರಿಗೆಲ್ಲ ಒಂದೇ ಪ್ರಶ್ನೆ ಮರಳಿ ಕಳಿಸಿದೆವು: "ಚಿತ್ರ ನಿಂತಾಗ ಧ್ವನಿ ಬರುತ್ತಿತ್ತೇ?" ಬಫರ್ ಬರಿದಾದರೆ ಧ್ವನಿ, ಚಿತ್ರ ಎರಡೂ ನಿಂತು ಚಕ್ರ ಸುತ್ತುತ್ತದೆ. ಡೇಟಾವನ್ನು ಚಿತ್ರವಾಗಿ ಬಿಡಿಸುವ ಡಿಕೋಡರ್ ಸೋತರೆ ಧ್ವನಿ ನಿಲ್ಲುವುದಿಲ್ಲ. ಬ್ರೌಸರ್ ಧ್ವನಿಯನ್ನೇ ಗಡಿಯಾರವಾಗಿಟ್ಟುಕೊಂಡು, ಹೊತ್ತು ಮೀರಿದ ಫ್ರೇಮ್‌ಗಳನ್ನು ಎಸೆಯುತ್ತಾ ಹೋಗುತ್ತದೆ. ಚಿತ್ರ ಹಾರಿ ಹಾರಿ ಬರುತ್ತದೆ, ಕೆಲವೊಮ್ಮೆ ಒಂದೇ ಚಿತ್ರ ಅಂಟಿಕೊಂಡಂತೆ ಕೂರುತ್ತದೆ. ಉತ್ತರಿಸಿದವರಲ್ಲಿ ಹೆಚ್ಚಿನವರು ಹೇಳಿದ್ದು, ಪಾಠ ಕೇಳಿಸುತ್ತಲೇ ಇತ್ತು ಎಂದು. ಹಲವರು ಇನ್ನೊಂದು ಮಾತನ್ನೂ ಸೇರಿಸಿದ್ದರು: ಶುರುವಿನಲ್ಲಿ ಸರಿಯಾಗೇ ಇರುತ್ತದೆ, ಹೋಗ್ತಾ ಹೋಗ್ತಾ ಹದಗೆಡುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ. ಇದು ಬಿಸಿಯ ಲಕ್ಷಣ. ಚಿಪ್ ಕಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಆಗ ಅಂಚಿನಲ್ಲಿ ತೂಗುತ್ತಿದ್ದ ಡಿಕೋಡಿಂಗ್ ಕುಸಿಯುತ್ತದೆ. ಎರಡು ನಿಮಿಷದ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಉದ್ದದ ಪಾಠಗಳನ್ನು ಉದ್ದಕ್ಕೂ ಓಡಿಸಿ ನೋಡಬೇಕು.

ಅಳತೆ ಸರಿಪಡಿಸಿದ್ದು

ತಾಣದಲ್ಲಿ ಅಳತೆಯೇ ಇರಲಿಲ್ಲ ಎಂದಲ್ಲ. ಪುಟದಲ್ಲಿ ವಿಡಿಯೊ ತೋರಿಸುವ ವಿಡಿಯೊ ಎಲಿಮೆಂಟ್ ಕೊಡುವ 'ವೇಟಿಂಗ್' ಎಂಬ ಈವೆಂಟ್ (ಡೇಟಾಗೆ ಕಾಯುತ್ತಿದ್ದೇನೆ ಎಂಬ ಸೂಚನೆ) ಎಷ್ಟು ಬಾರಿ ಬಂತು ಎಂದು ಎಣಿಸುತ್ತಿದ್ದರು. ಅದರ ಪ್ರಕಾರ ಎಲ್ಲವೂ ಸುಧಾರಿಸಿತ್ತು, ಏಕೆಂದರೆ ಎವಿ1 ಕಡತಗಳು ಚಿಕ್ಕವು, ಬಫರ್ ಬೇಗ ತುಂಬುತ್ತಿತ್ತು. ಆದರೆ ಫ್ರೇಮ್ ಬಿದ್ದುಹೋದಾಗ ಈ ಈವೆಂಟ್ ಬರುವುದಿಲ್ಲ. ಮೇಲಾಗಿ ಬಳಕೆದಾರರು ವಿಡಿಯೊ ಸರಿಸಿದಾಗಲೂ ಅದು ಬರುವುದರಿಂದ, ಆ ಎಣಿಕೆಯಲ್ಲಿ ಕಲಬೆರಕೆಯೂ ಇತ್ತು.

ನಿಜವಾಗಿ ಬೇಕಾದ ಅಂಕಿ ಬ್ರೌಸರ್‌ನಲ್ಲೇ ಸಿಗುತ್ತದೆ. ವಿಡಿಯೊ ಎಲಿಮೆಂಟನ್ನು ಅದರ ಪ್ಲೇಬ್ಯಾಕ್ ಗುಣಮಟ್ಟದ ವಿವರ ಕೇಳಿದರೆ, ಈವರೆಗೆ ಒಟ್ಟು ಎಷ್ಟು ಫ್ರೇಮ್ ಬರಬೇಕಿತ್ತು, ಎಷ್ಟು ಬಿದ್ದುಹೋದವು ಎಂದು ಎರಡು ಸಂಖ್ಯೆ ಕೊಡುತ್ತದೆ. ಒಟ್ಟು ಮೊತ್ತ ನೋಡಿದರೆ ಪ್ರಯೋಜನ ಕಡಿಮೆ, ಏಕೆಂದರೆ ಒಂದು ಗಂಟೆಯ ಸರಾಸರಿಯಲ್ಲಿ ಐದು ನಿಮಿಷದ ನರಳಾಟ ಕರಗಿಹೋಗುತ್ತದೆ. ಆದ್ದರಿಂದ ಪ್ರತಿ 5 ಸೆಕೆಂಡಿಗೆ ಒಮ್ಮೆ ಓದಿ, ಹಿಂದಿನ ಓದಿನಿಂದ ಕಳೆದು, ಆ ಕಿಟಕಿಯೊಳಗಿನ ಪ್ರಮಾಣವನ್ನು ಮಾತ್ರ ಇಟ್ಟುಕೊಂಡೆವು. ಜೊತೆಗೆ ಆ ಕ್ಷಣದ ಕೋಡೆಕ್, ದರ್ಜೆ, ಮುಂದೆ ಎಷ್ಟು ಸೆಕೆಂಡ್ ಬಫರ್ ಇದೆ ಎಂಬುದನ್ನೂ ಸೇರಿಸಿದೆವು. ಟ್ಯಾಬ್ ಮರೆಯಲ್ಲಿದ್ದಾಗಿನ ಓದುಗಳನ್ನು ಬಿಟ್ಟೆವು. ಕಾಣದ ಟ್ಯಾಬ್‌ನಲ್ಲಿ ಬ್ರೌಸರ್ ಬೇಕೆಂದೇ ಚಿತ್ರ ಬಿಡಿಸುವುದನ್ನು ಕಡಿಮೆ ಮಾಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದರೆ ಇಲ್ಲದ ಕಾಯಿಲೆ ಕಾಣುತ್ತದೆ.

ಚಿತ್ರ ತಿಳಿಯಾಯಿತು. ಫ್ರೇಮ್‌ಗಳು ಸಾಲುಸಾಲಾಗಿ ಬೀಳುತ್ತಿದ್ದ ಹೊತ್ತಿನಲ್ಲೇ ಮುಂದಿನ ಬಫರ್ ಭರ್ತಿಯಾಗಿತ್ತು. ಜಾಲ ತನ್ನ ಕೆಲಸ ಮುಗಿಸಿ ಕಾಯುತ್ತಿತ್ತು. ತೊಂದರೆಯ ಓದುಗಳೆಲ್ಲ 1080ಪಿ ಎವಿ1ನಲ್ಲಿ, ಅದನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸಲಾಗದ ಯಂತ್ರಗಳಲ್ಲಿ ಗುಂಪುಗಟ್ಟಿದ್ದವು.

ಎವಿ1 ಬಿಡಿಸುವ ಪ್ರತ್ಯೇಕ ಸರ್ಕ್ಯೂಟ್ ಲ್ಯಾಪ್‌ಟಾಪ್‌ಗಳಿಗೆ ಬರತೊಡಗಿದ್ದು 2020ರ ಸುಮಾರಿಗೆ, ಇಂಟೆಲ್‌ನ 11ನೇ ತಲೆಮಾರಿನ ಚಿಪ್‌ಗಳಿಂದ. ಆಪಲ್ ಅದನ್ನು ತನ್ನ ಎ17 ಪ್ರೊ ಮತ್ತು ಎಂ3 ಚಿಪ್‌ಗಳಲ್ಲಿ ಕೊಟ್ಟದ್ದು 2023ರಲ್ಲಿ. ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಕ್ರೋಮ್, ಫೈರ್‌ಫಾಕ್ಸ್‌ಗಳು ಎವಿ1 ಅನ್ನು ತಂತ್ರಾಂಶದ ಮೂಲಕ ಬಿಡಿಸುತ್ತವೆ. ಇದಕ್ಕೆ ಬಳಕೆಯಲ್ಲಿರುವ ಡೇವಿಡ್ ಎಂಬ ಡಿಕೋಡರ್ ಬಹಳ ಚುರುಕಾದದ್ದು; ಆದರೂ ಅದು ಮುಖ್ಯ ಪ್ರೊಸೆಸರ್‌ನ ಶಕ್ತಿಯನ್ನೇ ತಿನ್ನುತ್ತದೆ. ಎಚ್.264 ಸರ್ಕ್ಯೂಟ್ ಮಾತ್ರ ಇಂದು ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಸಾಧನಗಳಲ್ಲೂ ಇದೆ.

ಭಾರವನ್ನು ಲೆಕ್ಕ ಹಾಕಿ ನೋಡೋಣ. 1080ಪಿ ಚಿತ್ರದ ಒಂದು ಫ್ರೇಮ್‌ನಲ್ಲಿ 1920 ಗುಣಿಸು 1080, ಅಂದರೆ 20,73,600 ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್ ಆದರೆ ಸುಮಾರು 12.4 ಕೋಟಿ ಪಿಕ್ಸೆಲ್. ಪ್ರತಿ ಫ್ರೇಮ್‌ಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. 30 ಫ್ರೇಮ್ ಆದರೆ 6.2 ಕೋಟಿ, 33.3 ಮಿಲಿಸೆಕೆಂಡ್. ಅಲುಗಾಡದ ಸ್ಲೈಡ್‌ಗೆ 60 ಫ್ರೇಮ್ ಕೊಟ್ಟು ನೋಡುವವರಿಗೆ ಸಿಕ್ಕಿದ್ದು ಏನೂ ಇಲ್ಲ. ಗಡುವು ಮಾತ್ರ ಅರ್ಧಕ್ಕೆ ಇಳಿಯಿತು.

ಪ್ಲೇಯರ್ ಕಣ್ಣು ಜಾಲದ ಮೇಲೆ ಮಾತ್ರ

ಇಷ್ಟಾದರೂ ಪ್ಲೇಯರ್ ಯಾಕೆ ತಾನಾಗಿ ಕೆಳಗಿನ ದರ್ಜೆಗೆ ಇಳಿಯಲಿಲ್ಲ? ಎಚ್‌ಎಲ್‌ಎಸ್ ಆಗಲಿ ಅಂಥದ್ದೇ ಆದ ಡ್ಯಾಶ್ ಆಗಲಿ, ಒಂದೇ ವಿಡಿಯೊವನ್ನು ಹಲವು ಬಿಟ್‌ರೇಟ್‌ಗಳಲ್ಲಿ (ಬಿಟ್‌ರೇಟ್ ಅಂದರೆ ಸೆಕೆಂಡಿಗೆ ಬೇಕಾದ ಡೇಟಾ) ಇಟ್ಟು, ಹೊತ್ತಿಗೆ ತಕ್ಕದ್ದನ್ನು ಆರಿಸುವ ವ್ಯವಸ್ಥೆ. ಆರಿಸುವ ಲೆಕ್ಕ ಪ್ಲೇಯರ್‌ನದು. ಅದು ನೋಡುವುದು ಎರಡನ್ನು: ಇತ್ತೀಚಿನ ತುಣುಕುಗಳು ಎಷ್ಟು ವೇಗದಲ್ಲಿ ಇಳಿದವು, ಬಫರ್ ಎಷ್ಟು ತುಂಬಿದೆ. ಎರಡೂ ಚೆನ್ನಾಗಿದ್ದರೆ ಮೇಲೇರು. ಪ್ರೊಸೆಸರ್ ಏದುಸಿರು ಬಿಡುತ್ತಿದೆ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಇಲ್ಲಿ ಇನ್ನೊಂದು ಗಂಟೂ ಬಿದ್ದಿತ್ತು. ಎವಿ1 ಬಿಟ್‌ರೇಟ್ ಕಡಿಮೆ ಇದ್ದುದರಿಂದ ಸಾಧಾರಣ ಜಾಲದಲ್ಲೂ 1080ಪಿ ಸಲೀಸಾಗಿ ಇಳಿಯುತ್ತಿತ್ತು. ಹಿಂದೆ ಜಾಲ ಸಾಲದೆ 720ಪಿಯಲ್ಲಿ ನಿಲ್ಲುತ್ತಿದ್ದ ಹಳೆಯ ಲ್ಯಾಪ್‌ಟಾಪ್‌ಗಳು ಈಗ ಎಲ್ಲಕ್ಕಿಂತ ಭಾರದ ದರ್ಜೆಗೆ ಏರಿ ಕೂತವು.

ಎವಿ1 ಕೊಡಬೇಕೇ ಬೇಡವೇ ಎಂಬ ತೀರ್ಮಾನವೂ ಅರ್ಧ ಮಾಹಿತಿಯ ಮೇಲೆ ನಿಂತಿತ್ತು. ಪ್ಲೇಯರ್ ಬ್ರೌಸರ್‌ಗೆ ತುಣುಕುಗಳನ್ನು ಕೊಡಲು ಬಳಸುವ ಮೀಡಿಯಾ ಸೋರ್ಸ್ ಎಕ್ಸ್‌ಟೆನ್ಷನ್ಸ್‌ನಲ್ಲಿರುವ ಹಳೆಯ ವಿಧಾನ ಒಂದು ಕೋಡೆಕ್ ಗೊತ್ತೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನುತ್ತದೆ, ಅಷ್ಟೇ. ತಂತ್ರಾಂಶದಲ್ಲಿ ತೆವಳುತ್ತಾ ಬಿಡಿಸುವುದೂ ಅದಕ್ಕೆ ಹೌದೇ.

ಇದಕ್ಕೆಂದೇ ಇರುವುದು ಮೀಡಿಯಾ ಕೇಪಬಿಲಿಟೀಸ್ ಎಂಬ ಎಪಿಐ, ಅಂದರೆ ಪುಟದ ಕೋಡ್ ಬ್ರೌಸರನ್ನು ಪ್ರಶ್ನೆ ಕೇಳುವ ಸೌಲಭ್ಯ. ಈಗ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಇದೆ, ಆದರೂ ಬಳಸುವವರು ಕಡಿಮೆ ಎನ್ನುವುದು ನನಗೆ ಬೇಸರದ ಸಂಗತಿ. ಅದಕ್ಕೆ ಕೋಡೆಕ್ ಹೆಸರಷ್ಟೇ ಅಲ್ಲ, ಅಗಲ, ಎತ್ತರ, ಬಿಟ್‌ರೇಟ್, ಫ್ರೇಮ್ ದರ ಎಲ್ಲ ಕೊಡಬೇಕು. ಅದು ಮೂರು ಉತ್ತರ ಕೊಡುತ್ತದೆ: ಇದನ್ನು ಬಿಡಿಸಬಲ್ಲೆನೇ, ಸರಾಗವಾಗಿ ಬಿಡಿಸಬಲ್ಲೆನೇ, ಬ್ಯಾಟರಿಗೆ ಹಗುರವಾಗಿ ಬಿಡಿಸಬಲ್ಲೆನೇ. ಮೂರನೆಯದಕ್ಕೆ ಹೌದು ಎಂದರೆ ಸಾಮಾನ್ಯವಾಗಿ ಹಾರ್ಡ್‌ವೇರ್ ಸರ್ಕ್ಯೂಟ್ ಇದೆ ಎಂದೇ ಅರ್ಥ. ಎರಡು ಗಂಟೆ ಪಾಠ ಕೇಳಲು ಕೂತವರಿಗೆ, ಅದೂ ಚಾರ್ಜರ್ ಇಲ್ಲದ ಕಡೆ ಕೂತವರಿಗೆ, ಈ ಮೂರನೆಯ ಉತ್ತರವೇ ದೊಡ್ಡದು.

ಹೊಸ ನಿಯಮ ಹೀಗಾಯಿತು. ಪ್ಲೇಯರ್ ಶುರುವಾಗುವ ಮುನ್ನ ಪ್ರತಿ ಕೋಡೆಕ್‌ನ ಪ್ರತಿ ದರ್ಜೆಗೂ ಈ ಪ್ರಶ್ನೆ ಕೇಳು. ಉತ್ತರ ತಕ್ಷಣ ಬರುವುದಿಲ್ಲ, ಪ್ರಾಮಿಸ್ (ಆಮೇಲೆ ಕೊಡುವೆ ಎಂಬ ಮಾತು) ಆಗಿ ಬರುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಕೇಳಿ, ಅದೇ ಹೊತ್ತಿಗೆ ದರ್ಜೆ, ತುಣುಕುಗಳ ಪಟ್ಟಿಯಾದ ಪ್ಲೇಲಿಸ್ಟ್ ಇಳಿಯಲು ಬಿಡು. ಎವಿ1 ದರ್ಜೆ ಸರಾಗವೂ ಹಗುರವೂ ಆಗಿದ್ದರೆ ಮಾತ್ರ ಅದನ್ನು ಪಟ್ಟಿಯಲ್ಲಿ ಉಳಿಸು. ಇಲ್ಲವಾದರೆ ಎಚ್.264 ಸಾಲು. ಅದರಲ್ಲೂ ಸರಾಗವಲ್ಲದ ದರ್ಜೆಗಳನ್ನು ಪಟ್ಟಿಯಿಂದಲೇ ತೆಗೆದುಬಿಡು, ಆಮೇಲೆ ಜಾಲದ ಲೆಕ್ಕ ಏನು ಬೇಕಾದರೂ ಹೇಳಲಿ. ಹೀಗೆ ಮಾಡುವುದರಿಂದ ಹಳೆಯ ಯಂತ್ರದವರಿಗೆ ಡೇಟಾ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ತಂಡದಲ್ಲಿ ಇದರ ಬಗ್ಗೆ ಚರ್ಚೆ ಆಯಿತು. ನನ್ನ ಅಭಿಪ್ರಾಯ ಸ್ಪಷ್ಟವಿತ್ತು: ಉಳಿಸಿದ ಡೇಟಾದಲ್ಲಿ ನೋಡಲಾಗದ ಪಾಠ ಬಂದರೆ ಅದು ಉಳಿತಾಯವಲ್ಲ.

ಈ ಉತ್ತರಗಳನ್ನೇ ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಸರಾಗವೇ ಎಂಬುದಕ್ಕೆ ಕ್ರೋಮ್ ಆ ಯಂತ್ರದಲ್ಲಿ ಹಿಂದೆ ಅಂಥ ವಿಡಿಯೊ ಹೇಗೆ ಓಡಿತ್ತು ಎಂಬ ನೆನಪಿನಿಂದ ಉತ್ತರಿಸುತ್ತದೆ. ನೆನಪು ಇಲ್ಲದಿದ್ದಾಗ ಉತ್ತರ ಆಶಾವಾದಿಯಾಗಿರುತ್ತದೆ. ಬಿಸಿಯೇರಿ ವೇಗ ತಗ್ಗುವುದನ್ನು ಯಾವ ಉತ್ತರವೂ ಮುಂಚಿತವಾಗಿ ಹೇಳಲಾರದು. ಅದಕ್ಕೆ ಓಡುತ್ತಿರುವಾಗಲೂ ಕಾವಲು ಬೇಕು. ತಾಣ ಬಳಸುತ್ತಿದ್ದ ಎಚ್‌ಎಲ್‌ಎಸ್.ಜೆಎಸ್ ಪ್ಲೇಯರ್‌ನಲ್ಲಿ ಫ್ರೇಮ್ ಬಿದ್ದರೆ ದರ್ಜೆ ಇಳಿಸುವ ಸೌಲಭ್ಯ ಇದೆ, ಆದರೆ ನಾವಾಗಿ ಚಾಲೂ ಮಾಡಬೇಕು. ಅದರ ಪೂರ್ವನಿಗದಿ ಮಿತಿ 5 ಸೆಕೆಂಡಿನಲ್ಲಿ 20 ಶೇಕಡ. ಪಾಠಕ್ಕೆ ಅದು ಹೆಚ್ಚಾಯಿತು. 30ರಲ್ಲಿ 6 ಫ್ರೇಮ್ ಹೋಗುವ ಹೊತ್ತಿಗೆ ಕಣ್ಣಿಗೆ ಚೆನ್ನಾಗೇ ತಿಳಿಯುತ್ತದೆ. ಮಿತಿಯನ್ನು 10 ಶೇಕಡಕ್ಕೆ ಇಳಿಸಿ, ಒಂದರ ಹಿಂದೆ ಒಂದು ಎರಡು ಕಿಟಕಿಗಳಲ್ಲಿ ಮೀರಿದರೆ ಮಾತ್ರ ಇಳಿ ಎಂದು ನಮ್ಮದೇ ಕೋಡ್ ಬರೆದೆವು. ಒಮ್ಮೆ ಇಳಿದ ಮೇಲೆ ಆ ಪಾಠ ಮುಗಿಯುವವರೆಗೆ ಮತ್ತೆ ಏರುವುದಿಲ್ಲ. ಏರಿ ಇಳಿದು ಆಡುವುದು ಇಳಿದು ನಿಲ್ಲುವುದಕ್ಕಿಂತ ಹೆಚ್ಚು ಕಿರಿಕಿರಿ.

ಓದಲು ಬರಬೇಕಾದದ್ದು ಅಕ್ಷರ

ಇಳಿಸುವುದು ಅಂದರೆ ಏನನ್ನು ಇಳಿಸುವುದು? ಈ ಪ್ರಶ್ನೆಗೆ ನಾವು ಹೆಚ್ಚು ಹೊತ್ತು ಕೊಟ್ಟೆವು. ದರ್ಜೆಗಳ ರೂಢಿಯ ಏಣಿಯಲ್ಲಿ 1080ರ ಕೆಳಗೆ 720, ಅದರ ಕೆಳಗೆ 480. ಆಟದ ಪಂದ್ಯಕ್ಕೋ ನೃತ್ಯಕ್ಕೋ ಇದು ಸರಿ. ಆದರೆ ಪರದೆಯ ರೆಕಾರ್ಡಿಂಗ್‌ನಲ್ಲಿ 480ಕ್ಕೆ ಇಳಿದರೆ ಕೋಡ್‌ನ ಸಾಲುಗಳು, ಸಮೀಕರಣದ ಮೇಲಂಕಿ ಕೆಳಅಂಕಿಗಳು ಕಲಸಿಹೋಗುತ್ತವೆ. ಚಲನೆ ಸರಾಗವಾಗಿದ್ದು ಅಕ್ಷರ ಓದಲಾಗದಿದ್ದರೆ ಪಾಠ ಹೋದಂತೆಯೇ.

ಇಲ್ಲಿ ಲೆಕ್ಕ ಒಂದು ದಾರಿ ತೋರಿಸಿತು. 720ಪಿ 30 ಫ್ರೇಮ್ ಎಂದರೆ ಸೆಕೆಂಡಿಗೆ ಸುಮಾರು 2.8 ಕೋಟಿ ಪಿಕ್ಸೆಲ್. 1080ಪಿಯನ್ನೇ 15 ಫ್ರೇಮ್‌ಗೆ ಇಳಿಸಿದರೆ 3.1 ಕೋಟಿ. ಡಿಕೋಡರ್‌ಗೆ ಬೀಳುವ ಕೆಲಸ ಹೆಚ್ಚುಕಡಿಮೆ ಒಂದೇ, ಆದರೆ ಎರಡನೆಯದರಲ್ಲಿ ಪ್ರತಿ ಅಕ್ಷರವೂ ಪೂರ್ತಿ ಚೂಪಾಗಿ ಉಳಿಯುತ್ತದೆ. ಪರದೆಯ ರೆಕಾರ್ಡಿಂಗ್‌ನಲ್ಲಿ ಚಲಿಸುವುದು ಮೌಸ್ ಗುರುತು, ಆಗೊಮ್ಮೆ ಈಗೊಮ್ಮೆ ಸ್ಕ್ರೋಲ್. 15 ಫ್ರೇಮ್ ಅದಕ್ಕೆ ಧಾರಾಳ. ಬೋರ್ಡಿನ ಮುಂದೆ ಶಿಕ್ಷಕರು ನಿಂತ ಪಾಠಗಳಿಗೆ ಇದು ಹೊಂದಲಿಲ್ಲ, ತುಟಿಯ ಚಲನೆ ಒಡೆದು ಕಾಣುತ್ತಿತ್ತು. ಹೀಗಾಗಿ ಎರಡು ಬಗೆಯ ಏಣಿ ಮಾಡಿದೆವು: ಪರದೆ ಪಾಠಗಳಿಗೆ ಮೊದಲು ಫ್ರೇಮ್ ದರ ಇಳಿಯುತ್ತದೆ, ಆಮೇಲೆ ಗಾತ್ರ; ಬೋರ್ಡ್ ಪಾಠಗಳಿಗೆ ಗಾತ್ರ ಮಾತ್ರ, ದರ 30ರಲ್ಲೇ ನಿಲ್ಲುತ್ತದೆ. 60 ಫ್ರೇಮ್‌ನ ದರ್ಜೆಯನ್ನು ಎಲ್ಲೆಡೆ ತೆಗೆದುಹಾಕಿದೆವು. ಯಾರೂ ಅದನ್ನು ಕೇಳಿಕೊಂಡು ಬರಲಿಲ್ಲ.

ಬಿಟ್‌ರೇಟ್ ಕೂಡ ಪಾಠಕ್ಕೆ ತಕ್ಕಂತೆ ಬೇರೆಯಾಗಬೇಕು. ನೆಟ್‌ಫ್ಲಿಕ್ಸ್ 2015ರಲ್ಲೇ ಪ್ರತಿ ಶೀರ್ಷಿಕೆಗೆ ಪ್ರತ್ಯೇಕ ಏಣಿ ಎಂಬ ವಿಧಾನವನ್ನು ಬಹಿರಂಗವಾಗಿ ವಿವರಿಸಿತ್ತು. ಸಣ್ಣ ತಾಣಕ್ಕೆ ಅಷ್ಟು ವಿಸ್ತಾರ ಬೇಡ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಗುಣಮಟ್ಟವನ್ನು ಸ್ಥಿರವಾಗಿಟ್ಟು ಬಿಟ್‌ರೇಟ್‌ಗೆ ಮೇಲ್ಮಿತಿ ಹಾಕಿದರೆ ಬಹುಪಾಲು ಲಾಭ ಸಿಗುತ್ತದೆ. ಅಲುಗಾಡದ ಸ್ಲೈಡ್‌ಗಳು ತಾವಾಗಿ ಕಡಿಮೆ ಬಿಟ್ ತೆಗೆದುಕೊಳ್ಳುತ್ತವೆ.

ಇನ್ನೊಂದು ಸುಲಭದ ಉಳಿತಾಯ ಕಣ್ಣೆದುರೇ ಇತ್ತು. ಪುಟದಲ್ಲಿ ವಿಡಿಯೊ ಪೆಟ್ಟಿಗೆಯ ಅಗಲ ಬಹಳ ಲ್ಯಾಪ್‌ಟಾಪ್‌ಗಳಲ್ಲಿ 1280 ಪಿಕ್ಸೆಲ್ ಕೂಡ ಇರಲಿಲ್ಲ, ಆದರೂ 1080ಪಿ ಇಳಿಯುತ್ತಿತ್ತು. ಪೆಟ್ಟಿಗೆಯ ಗಾತ್ರಕ್ಕೆ ದರ್ಜೆಯ ಮಿತಿ ಹಾಕುವ ಸೌಲಭ್ಯವೂ ಪ್ಲೇಯರ್‌ನಲ್ಲೇ ಇದೆ, ಅದೂ ತಾನಾಗಿ ಚಾಲೂ ಇರುವುದಿಲ್ಲ. ಹಾಕುವಾಗ ಪರದೆಯ ಪಿಕ್ಸೆಲ್ ಸಾಂದ್ರತೆಯನ್ನು ಗುಣಿಸಿಕೊಳ್ಳಬೇಕು. ಪೂರ್ಣಪರದೆಗೆ ಹೋದಾಗ ಮಿತಿ ಸಡಿಲವಾಗಬೇಕು.

ಮೊದಲ ಚಿತ್ರಕ್ಕೆ ಮುನ್ನ

ಫ್ರೇಮ್ ಸಮಸ್ಯೆ ಬಿಡಿಸುವಾಗ ಸಿಕ್ಕ ಇನ್ನೊಂದು ಸಂಗತಿ ಜಾಲದ ಕಡೆಯದು. ಪಾಠಗಳು ನೋಂದಾಯಿತರಿಗೆ ಮಾತ್ರ ಸಿಗಬೇಕಾದ್ದರಿಂದ, ಪ್ಲೇಯರ್ ಪ್ರತಿ ತುಣುಕನ್ನು ಕೇಳುವಾಗಲೂ ಗುರುತಿನ ಟೋಕನ್ ಇರುವ ಹೆಡರ್ (ರಿಕ್ವೆಸ್ಟ್ ಜೊತೆ ಹೋಗುವ ಮಾಹಿತಿಯ ಸಾಲು) ಕಳಿಸುತ್ತಿತ್ತು. ವಿಡಿಯೊ ಸರ್ವರ್ ಬೇರೆ ಡೊಮೇನ್‌ನಲ್ಲಿತ್ತು. ಇಂಥ ಹೆಡರ್ ಬೇರೆ ಡೊಮೇನ್‌ಗೆ ಹೋಗುವಾಗ ಬ್ರೌಸರ್ ಮೊದಲು ಪ್ರೀಫ್ಲೈಟ್ ಎಂಬ ಅನುಮತಿ ರಿಕ್ವೆಸ್ಟ್ ಕಳಿಸಿ, ಉತ್ತರ ಬಂದ ಮೇಲೆ ನಿಜವಾದ ರಿಕ್ವೆಸ್ಟ್ ಕಳಿಸುತ್ತದೆ. ಅನುಮತಿಯನ್ನು ಸ್ವಲ್ಪ ಕಾಲ ನೆನಪಿಡು ಎಂದು ಸರ್ವರ್ ಹೇಳಬಹುದು, ಆದರೆ ಆ ನೆನಪು ಒಂದೊಂದು ವಿಳಾಸಕ್ಕೆ ಪ್ರತ್ಯೇಕ. ವಿಡಿಯೊದಲ್ಲಿ ಪ್ರತಿ ತುಣುಕಿನ ವಿಳಾಸವೂ ಬೇರೆ. ಆದ್ದರಿಂದ ಪ್ರತಿ ತುಣುಕಿಗೂ ಎರಡು ಸುತ್ತು.

ಆರಂಭದಲ್ಲಿ ಇದು ಹೆಚ್ಚು ಕಾಡುತ್ತದೆ. ಮುಖ್ಯ ಪ್ಲೇಲಿಸ್ಟ್, ದರ್ಜೆಯ ಪ್ಲೇಲಿಸ್ಟ್, ಆರಂಭದ ತಲೆಭಾಗ, ಮೊದಲ ತುಣುಕು, ಇವು ಒಂದರ ನಂತರ ಒಂದು ಬರಬೇಕು. ಹೋಗಿಬರುವ ಸಮಯ 200 ಮಿಲಿಸೆಕೆಂಡ್ ಇರುವ ಜಾಲದಲ್ಲಿ ನಾಲ್ಕು ಹೆಚ್ಚುವರಿ ಸುತ್ತು ಎಂದರೆ 0.8 ಸೆಕೆಂಡ್ ಸುಮ್ಮನೆ ಹೋಯಿತು. ವಿಡಿಯೊ ಸರ್ವರನ್ನು ತಾಣದ್ದೇ ಉಪಡೊಮೇನ್‌ಗೆ ತಂದು, ಟೋಕನ್ ಬದಲು ಸಹಿ ಮಾಡಿದ ಕುಕೀ (ಬ್ರೌಸರ್ ಇಟ್ಟುಕೊಂಡು ರಿಕ್ವೆಸ್ಟ್ ಜೊತೆ ಕಳಿಸುವ ಚೀಟಿ) ಬಳಸಿದ ಮೇಲೆ ಪ್ರೀಫ್ಲೈಟ್ ನಿಂತಿತು. ಕುಕೀ ಇದ್ದ ಮಾತ್ರಕ್ಕೆ ಬ್ರೌಸರ್ ಪ್ರೀಫ್ಲೈಟ್ ಕೇಳುವುದಿಲ್ಲ. ಸರ್ವರ್ ಉತ್ತರದಲ್ಲಿ ಮಾತ್ರ, ಯಾವ ತಾಣವಾದರೂ ಸರಿ ಎನ್ನುವ ನಕ್ಷತ್ರಚಿಹ್ನೆ ಬಿಟ್ಟು ತಾಣದ ಪೂರ್ಣ ವಿಳಾಸವನ್ನೇ ಹೇಳಬೇಕು, ಇಲ್ಲದಿದ್ದರೆ ಕುಕೀ ಸಹಿತ ಬಂದ ರಿಕ್ವೆಸ್ಟ್‌ನ ಉತ್ತರವನ್ನು ಬ್ರೌಸರ್ ತಡೆಯುತ್ತದೆ. ಟೋಕನನ್ನು ವಿಳಾಸದ ಬಾಲಕ್ಕೆ ಅಂಟಿಸುವ ದಾರಿಯೂ ಇದೆ. ಆದರೆ ಸಿಡಿಎನ್‌ಗೆ (ಕಡತಗಳ ಪ್ರತಿಯನ್ನು ನೋಡುವವರ ಹತ್ತಿರ ಇಟ್ಟು ಕೊಡುವ ಸರ್ವರ್ ಜಾಲಕ್ಕೆ) ಆ ಭಾಗವನ್ನು ಬಿಟ್ಟು ಕ್ಯಾಶ್ ಮಾಡಲು ಹೇಳದಿದ್ದರೆ, ಒಬ್ಬರಿಗಾಗಿ ತಂದ ತುಣುಕು ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದಿಲ್ಲ.

ಜೊತೆಗೆ ಪಾಠದ ಪುಟ ತೆರೆದ ಕೂಡಲೇ ವಿಡಿಯೊ ಸರ್ವರ್‌ಗೆ ಸಂಪರ್ಕ ಮುಂಚಿತವಾಗಿ ಬೆಳೆಸುವ ಪ್ರೀಕನೆಕ್ಟ್ ಸೂಚನೆ ಸೇರಿಸಿದೆವು. ಹಿಂದಿನ ಬಾರಿ ಅಳೆದ ಜಾಲವೇಗವನ್ನು ಬ್ರೌಸರ್‌ನಲ್ಲಿ ಉಳಿಸಿ, ಮುಂದಿನ ಪಾಠದ ಆರಂಭದ ಊಹೆಗೆ ಕೊಟ್ಟೆವು.

ಹಿಂದಕ್ಕೆ ಸರಿಸುವವರು

ಪಾಠ ನೋಡುವವರು ಸಿನಿಮಾ ನೋಡುವವರಂತಲ್ಲ. ಅರ್ಥವಾಗದ್ದನ್ನು ಮತ್ತೆ ಕೇಳಲು 10 ಸೆಕೆಂಡ್ ಹಿಂದಕ್ಕೆ ಒತ್ತುವುದು ಅವರ ಕಲಿಕೆಯ ಭಾಗ. ಅಲ್ಲಿ ಪ್ರತಿ ಸಲ ತಡವಾದರೆ ಜನ ಒತ್ತುವುದನ್ನೇ ಬಿಡುತ್ತಾರೆ, ಅರ್ಥವಾಗದೇ ಮುಂದೆ ಹೋಗುತ್ತಾರೆ. ನನಗೆ ಈ ಇಡೀ ಪ್ರಕರಣದಲ್ಲಿ ಹೆಚ್ಚು ಮನಸ್ಸಿಗೆ ತಟ್ಟಿದ್ದು ಇದೇ.

ವಿಡಿಯೊದ ಹೆಚ್ಚಿನ ಫ್ರೇಮ್‌ಗಳು ಹಿಂದಿನ ಫ್ರೇಮ್‌ಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಪೂರ್ಣ ಚಿತ್ರ ಇರುವುದು ಕೀಫ್ರೇಮ್‌ನಲ್ಲಿ ಮಾತ್ರ. ನಡುವಿನ ಯಾವುದೋ ಕ್ಷಣಕ್ಕೆ ಹೋಗಬೇಕಾದರೆ ಅದರ ಹಿಂದಿನ ಕೀಫ್ರೇಮ್‌ನಿಂದ ಎಲ್ಲವನ್ನೂ ಬಿಡಿಸುತ್ತಾ ಬರಬೇಕು. ತಾಣದಲ್ಲಿ 10 ಸೆಕೆಂಡಿಗೆ ಒಂದೇ ಕೀಫ್ರೇಮ್ ಇತ್ತು. 60 ಫ್ರೇಮ್ ದರದಲ್ಲಿ ಕೆಟ್ಟ ಸಂದರ್ಭದಲ್ಲಿ 600 ಫ್ರೇಮ್‌ಗಳ ಹತ್ತಿರ ಬಿಡಿಸಿದ ಮೇಲೆ ಬೇಕಾದದ್ದು ಸಿಗುತ್ತಿತ್ತು. 2 ಸೆಕೆಂಡಿಗೊಂದು ಕೀಫ್ರೇಮ್, 30 ಫ್ರೇಮ್ ದರ ಎಂದಾಗ ಅದು 60ಕ್ಕೆ ಇಳಿಯಿತು. ಆಪಲ್‌ನ ಎಚ್‌ಎಲ್‌ಎಸ್ ಮಾರ್ಗಸೂಚಿ ಹೇಳುವುದೂ ಇದನ್ನೇ: ಕೀಫ್ರೇಮ್ 2 ಸೆಕೆಂಡಿಗೆ, ತುಣುಕು 6 ಸೆಕೆಂಡಿಗೆ. ಅಲುಗಾಡದ ಸ್ಲೈಡ್‌ಗಳಲ್ಲಿ ಕೀಫ್ರೇಮೇ ದುಬಾರಿಯ ಭಾಗವಾದ್ದರಿಂದ ಕಡತ ಸ್ವಲ್ಪ ದಪ್ಪವಾಯಿತು. ಅದನ್ನು ಒಪ್ಪಿಕೊಂಡೆವು. ಎಲ್ಲ ದರ್ಜೆಗಳಲ್ಲೂ ಕೀಫ್ರೇಮ್‌ಗಳು ಒಂದೇ ಕ್ಷಣದಲ್ಲಿ ಬರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ದರ್ಜೆ ಬದಲಾಗುವ ಕಡೆ ಚಿತ್ರ ಕುಲುಕುತ್ತದೆ.

ಹಿಂದೆ ನೋಡಿದ ಭಾಗವನ್ನು ಎಷ್ಟು ಇಟ್ಟುಕೊಳ್ಳಬೇಕು ಎಂಬುದೂ ಇದಕ್ಕೆ ಸೇರಿದ್ದು. ಎಲ್ಲವನ್ನೂ ಇಟ್ಟರೆ ಒಂದೂವರೆ ಗಂಟೆಯ ಪಾಠದಲ್ಲಿ ಮೆಮೊರಿ ತುಂಬುತ್ತದೆ. ಏನೂ ಇಡದಿದ್ದರೆ ಹಿಂದಕ್ಕೆ ಒತ್ತಿದಾಗಲೆಲ್ಲ ಮತ್ತೆ ಜಾಲಕ್ಕೆ ಹೋಗಬೇಕು. 60 ಸೆಕೆಂಡ್ ಹಿಂದಕ್ಕೆ, 30 ಸೆಕೆಂಡ್ ಮುಂದಕ್ಕೆ ಎಂದು ನಿಲ್ಲಿಸಿದೆವು. ಮುಂದಕ್ಕೆ ಹೆಚ್ಚು ತುಂಬಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ 5 ಮೆಗಾಬಿಟ್ ದರದಲ್ಲಿ 60 ಸೆಕೆಂಡ್ ಎಂದರೆ 37.5 ಮೆಗಾಬೈಟ್, ನೋಡುವವರು ಪಾಠ ಮುಚ್ಚಿದರೆ ಅಷ್ಟೂ ಹಾಳು.

ವಿಡಿಯೊದ ಪಕ್ಕದಲ್ಲಿದ್ದದ್ದು

ಪುಟದ ಬಲಗಡೆಯ ಪಠ್ಯರೂಪ ಮಾತಿನ ಜೊತೆಗೇ ಹೊಳೆಯುತ್ತಾ ಸಾಗುತ್ತಿತ್ತು. ಚಂದದ ಸೌಲಭ್ಯ, ಕಿವಿ ಮಂದವಾದವರಿಗೆ ಅತ್ಯಗತ್ಯ. ಆದರೆ ಅದು ಪರದೆ ಹೊಸದಾಗುವ ಪ್ರತಿ ಸಲವೂ ಸಾವಿರಾರು ಸಾಲುಗಳ ಇಡೀ ಪಟ್ಟಿಯನ್ನು ಮತ್ತೆ ಜೋಡಿಸುತ್ತಿತ್ತು. ತಂತ್ರಾಂಶದಲ್ಲಿ ವಿಡಿಯೊ ಬಿಡಿಸುತ್ತಿರುವ ಯಂತ್ರದಲ್ಲಿ ಈ ಕೆಲಸ ನೇರವಾಗಿ ಅದೇ ಪ್ರೊಸೆಸರ್‌ಗೆ ಕೈ ಹಾಕುತ್ತದೆ. ಮುಂದಿನ ಸಾಲು ಯಾವಾಗ ಬದಲಾಗಬೇಕು ಎಂಬುದು ಮೊದಲೇ ಗೊತ್ತಿರುವುದರಿಂದ, ಆ ಕ್ಷಣಕ್ಕೆ ಒಂದೇ ಸಾಲನ್ನು ಬದಲಿಸಿದರೆ ಸಾಕು. ಕಾಣುವ ಸಾಲುಗಳನ್ನಷ್ಟೇ ಪುಟದಲ್ಲಿಟ್ಟರೆ ಇನ್ನೂ ಹಗುರ. ಎಚ್.264 ತುಣುಕುಗಳನ್ನು ಟಿಎಸ್ ಎಂಬ ಹಳೆಯ ಕಡತರೂಪದಿಂದ ಎಂಪಿ4 ತುಣುಕುಗಳಿಗೆ ಬದಲಿಸಿದ್ದೂ ಇದೇ ಕಾರಣಕ್ಕೆ. ಟಿಎಸ್ ಬಂದರೆ ಪ್ಲೇಯರ್ ಅದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬಿಚ್ಚಿ ಮತ್ತೆ ಎಂಪಿ4 ಆಗಿ ಕಟ್ಟಿಯೇ ಬ್ರೌಸರ್‌ಗೆ ಕೊಡಬೇಕಿತ್ತು.

ಬದಲಾವಣೆಗಳನ್ನು ಒಟ್ಟಿಗೆ ಬಿಡಲಿಲ್ಲ. ಮೊದಲು ಸಾಧನವನ್ನು ಕೇಳಿ ಆರಿಸುವ ನಿಯಮ, ಆಮೇಲೆ ಏಣಿ, ಆಮೇಲೆ ಕುಕೀ, ಹೀಗೆ ಒಂದೊಂದಾಗಿ, ಪ್ರತಿಯೊಂದನ್ನೂ ಬಳಕೆದಾರರ ಒಂದು ಭಾಗಕ್ಕೆ ಮೊದಲು ಕೊಟ್ಟು. ಮೊದಲನೆಯದರಲ್ಲೇ ಫ್ರೇಮ್ ಬೀಳುವಿಕೆ ಕುಸಿಯಿತು. ಧ್ವನಿ ಬರುತ್ತದೆ ಚಿತ್ರ ನಿಲ್ಲುತ್ತದೆ ಎಂಬ ದೂರು ಅಪರೂಪವಾಯಿತು. ದುರ್ಬಲ ಜಾಲದವರ ಬಫರಿಂಗ್ ದೂರು ಮಾತ್ರ ಉಳಿದಿದೆ. ಅವರಿಗೆ ಧ್ವನಿ ಮತ್ತು ಸ್ಥಿರ ಸ್ಲೈಡ್ ಮಾತ್ರ ಹೋಗುವ ಪ್ರತ್ಯೇಕ ದರ್ಜೆ ಬೇಕು ಎಂಬುದು ನನ್ನ ವಾದ, ಅದರ ಕೆಲಸ ಶುರುವಾಗಿದೆ.

ಎರಡು ಕೋಡೆಕ್ ಇಟ್ಟುಕೊಂಡದ್ದರಿಂದ ಸಂಗ್ರಹದ ಖರ್ಚು ಏರಿತು. ಎವಿ1ಗೆ ಎನ್‌ಕೋಡ್ ಮಾಡುವುದು ನಿಧಾನದ, ದುಬಾರಿಯ ಕೆಲಸ. ಆದ್ದರಿಂದ ಹೊಸ ಪಾಠ ಮೊದಲು ಎಚ್.264ನಲ್ಲಿ ಮಾತ್ರ ಹೊರಬರುತ್ತದೆ. ನೋಡುವವರು ಹೆಚ್ಚಿದ ಪಾಠಗಳಿಗೆ ಎವಿ1 ಆಮೇಲೆ ಸೇರುತ್ತದೆ. ಐಫೋನ್‌ನಲ್ಲಿ ಸಫಾರಿ ತನ್ನದೇ ಎಚ್‌ಎಲ್‌ಎಸ್ ಪ್ಲೇಯರ್‌ನಿಂದ ಓಡಿಸುವಾಗ ದರ್ಜೆಯ ಆಯ್ಕೆ ನಮ್ಮ ಕೋಡ್‌ನ ಕೈಯಲ್ಲಿರುವುದಿಲ್ಲ. ಅಲ್ಲಿ ಮುಖ್ಯ ಪ್ಲೇಲಿಸ್ಟ್‌ನಲ್ಲಿ ಪ್ರತಿ ದರ್ಜೆಯ ಕೋಡೆಕ್, ಗಾತ್ರ, ಫ್ರೇಮ್ ದರವನ್ನು ತಪ್ಪಿಲ್ಲದೆ ಬರೆದರೆ ಸಾಧನ ತನಗೆ ಆಗದ್ದನ್ನು ತಾನೇ ಬಿಡುತ್ತದೆ. ತಾಣದ ಹಳೆಯ ಪ್ಲೇಲಿಸ್ಟ್‌ಗಳಲ್ಲಿ ಫ್ರೇಮ್ ದರದ ನಮೂದೇ ಇರಲಿಲ್ಲ. ಈಗ ಪ್ರತಿ ಕಡತ ಪ್ರಕಟವಾಗುವ ಮುನ್ನ ಅದು ಇದೆಯೇ, ಕೀಫ್ರೇಮ್‌ಗಳು ಸಾಲಾಗಿವೆಯೇ ಎಂದು ತಪಾಸಣೆಯ ಸ್ಕ್ರಿಪ್ಟ್ ನೋಡುತ್ತದೆ. ಇಲ್ಲದಿದ್ದರೆ ಪಾಠ ಹೊರಗೆ ಹೋಗುವುದಿಲ್ಲ.